24 ತಾಸು ಮೀರಿದರೆ ಧಾರವಾಡ ಪೀಠಕ್ಕೆ ಹೋಗಿ

ರೋಣ, ನರಗುಂದ, ಗಜೇಂದ್ರಗಡದ ಯಾವುದೇ ಊರಿನಿಂದ ಪೊಲೀಸರು ‘ವಿಚಾರಣೆ ಇದೆ’ ಎಂದು ಒಬ್ಬರನ್ನು ಕರೆದೊಯ್ದರೆ ಮನೆಯವರು ಮೊದಲು ಗಡಿಯಾರ ನೋಡಬೇಕು. ಸಂವಿಧಾನದ 22ನೇ ವಿಧಿಯಂತೆ, ಪ್ರಯಾಣದ ವೇಳೆ ಬಿಟ್ಟು 24 ತಾಸಿನೊಳಗೆ ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಕರೆದೊಯ್ದ ವೇಳೆ, ಜಾಗ, ವಾಹನದ ನಂಬರು, ಕಣ್ಣಾರೆ ಕಂಡವರ ಹೆಸರು ಕೂಡಲೇ ಬರೆದಿಡಿ. ಬಂಧನದ ವೇಳೆಯ ಬಗ್ಗೆ ತಕರಾರು ಬಂದಾಗ ಈ ಚೀಟಿಯೇ ನಿಮ್ಮ ಆಧಾರ.

ನಂತರ ಠಾಣೆಗೂ ಜಿಲ್ಲಾ ಎಸ್‌ಪಿಯವರಿಗೂ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬರಲಿ ಎಂದು ದಿನ ಕಳೆಯಬೇಡಿ.

ಮುಂದಿನ ಹೆಜ್ಜೆ ಹೈಕೋರ್ಟಿನ ಧಾರವಾಡ ಪೀಠ. 226ನೇ ವಿಧಿಯಡಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು, ಅಂದರೆ ಬಂಧಿತರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಅರ್ಜಿಯನ್ನು, ಹೆಂಡತಿ, ತಂದೆ, ಅಣ್ಣ, ಗೆಳೆಯ ಯಾರಾದರೂ ಹಾಕಬಹುದು. ಜೈಲಿನಲ್ಲಿರುವವರೇ ಬರೆದು ಅಧೀಕ್ಷಕರ ಮೂಲಕವೂ ಕಳಿಸಬಹುದು. ತಿಹಾರ್ ಜೈಲಿನ ಕೈದಿ ಸುನೀಲ್ ಬಾತ್ರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಸ್ವೀಕರಿಸಿತ್ತು.

ಒಂದು ಮಾತನ್ನು ಒತ್ತಿ ಹೇಳಬೇಕು. ಮ್ಯಾಜಿಸ್ಟ್ರೇಟರು ರಿಮ್ಯಾಂಡ್ ಆದೇಶ ಮಾಡಿ ಜೈಲಿಗೆ ಕಳಿಸಿದ್ದರೆ ಸಾಮಾನ್ಯವಾಗಿ ಈ ಅರ್ಜಿ ನಿಲ್ಲುವುದಿಲ್ಲ. ಆದೇಶಕ್ಕೆ ಅಧಿಕಾರವೇ ಇರಲಿಲ್ಲ ಅಥವಾ ವಿವೇಚನೆಯಿಲ್ಲದೆ ಯಾಂತ್ರಿಕವಾಗಿ ಮಾಡಲಾಗಿದೆ ಎಂದು ತೋರಿಸಬೇಕಾಗುತ್ತದೆ. ಉಳಿದವರ ದಾರಿ ಜಾಮೀನು. ಅಪರಾಧದ ಸ್ವರೂಪದ ಮೇಲೆ 60 ಇಲ್ಲವೇ 90 ದಿನಗಳಲ್ಲಿ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಕೇಳುವುದು ಬಂಧಿತರ ಹಕ್ಕು. ಆದರೆ ಆರೋಪಪಟ್ಟಿ ಸಲ್ಲಿಕೆಯಾಗುವ ಮುನ್ನವೇ ಅರ್ಜಿ ಹಾಕಬೇಕು. ಈ ವ್ಯತ್ಯಾಸ ತಿಳಿಯದೆ ತಪ್ಪು ಬಾಗಿಲು ತಟ್ಟಿದರೆ ದಿನ, ದುಡ್ಡು ಎರಡೂ ಹೋಗುತ್ತವೆ.

1985ರ ಗೂಂಡಾ ಕಾಯ್ದೆಯಡಿ ಮುನ್ನೆಚ್ಚರಿಕೆಯಾಗಿ ಒಳಗಿಟ್ಟಿದ್ದರೆ ಮಾತ್ರ ಹೇಬಿಯಸ್ ಕಾರ್ಪಸ್ಸೇ ಮುಖ್ಯ ಅಸ್ತ್ರ. ಈ ಬಂಧನ ಗರಿಷ್ಠ 12 ತಿಂಗಳು. ಜಿಲ್ಲಾಧಿಕಾರಿಯ ಆದೇಶವನ್ನು 12 ದಿನದೊಳಗೆ ಸರ್ಕಾರ ಅನುಮೋದಿಸಿದೆಯೇ, ಕಾರಣಗಳನ್ನೂ ದಾಖಲೆಗಳನ್ನೂ ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟಿದ್ದಾರೆಯೇ, ಅವರ ಮನವಿಯನ್ನು ವಿಳಂಬವಿಲ್ಲದೆ ಪರಿಶೀಲಿಸಿದ್ದಾರೆಯೇ ನೋಡಿ. ಕನ್ನಡವಷ್ಟೇ ಬಲ್ಲವರಿಗೆ ಇಂಗ್ಲಿಷ್ ಕಾಗದ ಮಾತ್ರ ಕೊಟ್ಟಿದ್ದರೆ ಅದೇ ಬಲವಾದ ವಾದ.

ಇದು ದೊಡ್ಡವರ ಕೋರ್ಟು ಎಂದು ಹಿಂಜರಿಯಬೇಡಿ. 1975ರಲ್ಲಿ ಬೆಂಗಳೂರಿನಲ್ಲಿ ಬಂಧನದಲ್ಲಿದ್ದ ವಾಜಪೇಯಿ, ಅಡ್ವಾಣಿ ಹಾಕಿದ್ದೂ ಇದೇ ಅರ್ಜಿ. ಮರುವರ್ಷ ಸುಪ್ರೀಂ ಕೋರ್ಟ್ ತುರ್ತು ಪರಿಸ್ಥಿತಿಯಲ್ಲಿ ಈ ಹಕ್ಕಿಲ್ಲವೆಂದಿತು. ಅದೇ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಆ ಮಾತನ್ನು ಅಳಿಸಿಹಾಕಿತು.

ವಕೀಲರಿಗೆ ಹಣವಿಲ್ಲದಿದ್ದರೂ ನಿಲ್ಲಬೇಡಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನೋ ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ.