ಸದ್ದು ಕಡಿಮೆಯ ತೋಟಾ ಆರಿಸುವ ಬಗೆ

ಗುರುಗ್ರಾಮದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕನ ಮಗ ಫೋನು ಮಾಡಿದ. "ಮಾವ, ಇಲ್ಲಿ ಅರಾವಳಿ ಕುರುಚಲಲ್ಲಿ ಮೊಲ ಬೇಕಾದಷ್ಟಿದಾವಂತೆ. ಸದ್ದಾಗದಂಥ ಪಾಯಿಂಟ್ ಟೂ ಟೂ ತೋಟಾ ಯಾವುದು?" ಸಕಲೇಶಪುರದ ಕಡೆಯ ಹುಡುಗ, ಅಜ್ಜನ ಕೋವಿಯ ಕತೆ ಕೇಳಿ ಬೆಳೆದವನು. ಪ್ರಶ್ನೆಯ ಮೊದಲರ್ಧ ಅವನನ್ನು ಜೈಲಿಗೆ ಕಳಿಸುವಂಥದ್ದು. ಉಳಿದರ್ಧ ಒಳ್ಳೆಯ ಪ್ರಶ್ನೆ. ಮುಂದಿನ ಭಾನುವಾರ ಅವನನ್ನು ತುಘಲಕಾಬಾದಿನ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜಿಗೆ ಕರೆದೊಯ್ದೆ. ಅಲ್ಲಿ ಹೇಳಿಕೊಟ್ಟದ್ದೇ ಇಲ್ಲಿರುವುದು.

1. ಮೊದಲು ಗುರಿ ಯಾವುದೆಂದು ಗೊತ್ತು ಮಾಡಿಕೊಳ್ಳಿ

ಮೊಲ ಅಲ್ಲ. ಗೌಜಲಹಕ್ಕಿಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ನಮ್ಮಲ್ಲಿ ಹವ್ಯಾಸದ ಶಿಕಾರಿ ಎಂಬುದೇ ಇಲ್ಲ. ಮೊಲ ಹೊಡೆದರೂ ಮೂರು ವರ್ಷದವರೆಗೆ ಜೈಲಾಗಬಹುದು. ನವಿಲಿಗಾದರೆ ಶಿಕ್ಷೆ ಶುರುವಾಗುವುದೇ ಮೂರು ವರ್ಷದಿಂದ. ಏರ್‌ಗನ್ನಿನಲ್ಲಿ ಹೊಡೆದೆ ಎಂದರೆ ರಿಯಾಯಿತಿ ಸಿಗುವುದಿಲ್ಲ. ತಮಾಷೆಯೆಂದರೆ ರೇಂಜಿನ ಮಗ್ಗುಲಲ್ಲೇ ಅಸೋಲಾ ಭಟ್ಟಿ ಅಭಯಾರಣ್ಯವಿದೆ. ಒಳಗೆ ಈಡು ಕೇಳುತ್ತಿದ್ದರೂ ಹೊರಗೆ ನವಿಲುಗಳು ನಿಶ್ಚಿಂತೆಯಿಂದ ಓಡಾಡಿಕೊಂಡಿರುತ್ತವೆ.

1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ಕಟ್ಟಿದ ಈ ರೇಂಜಿಗೆ 1960ರಿಂದ 1980ರ ನಡುವೆ ಐದು ಒಲಿಂಪಿಕ್ಸ್ ಕಂಡ ಬಿಕಾನೇರದ ಮಹಾರಾಜರ ಹೆಸರಿಟ್ಟಿದ್ದಾರೆ. ಹೊಸಬರು ಕೋಚ್ ಮೂಲಕ 10 ಮೀಟರ್ ಏರ್ ರೈಫಲ್‌ನಿಂದ ಶುರು ಮಾಡಿ, ಕೈ ಕುದುರಿದ ಮೇಲೆ 50 ಮೀಟರಿನ .22ಕ್ಕೆ ಬರುವುದು ರೂಢಿ. ಸ್ವಂತ ಬಂದೂಕು ಬೇಕಾದರೆ 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಬೇಕು. ಎಷ್ಟು ತೋಟಾ ಇಟ್ಟುಕೊಳ್ಳಬಹುದೆಂಬುದೂ ಅದರಲ್ಲೇ ನಮೂದಾಗಿರುತ್ತದೆ.

2. ಸದ್ದು ಎಲ್ಲಿಂದ ಬರುತ್ತದೆ?

ಎರಡು ಕಡೆಯಿಂದ. ನಳಿಗೆಯ ಬಾಯಲ್ಲಿ ಮದ್ದಿನ ಅನಿಲ ನುಗ್ಗುವ 'ಧಡ್' ಒಂದು. ಗುಂಡು ಶಬ್ದದ ವೇಗ ಮೀರಿ ಹಾರಿದರೆ ಗಾಳಿಯಲ್ಲಿ ಚಾಟಿ ಬೀಸಿದಂತೆ ಕೇಳುವ 'ಛಟ್' ಇನ್ನೊಂದು. ಸಬ್‌ಸಾನಿಕ್, ಅಂದರೆ ಶಬ್ದಕ್ಕಿಂತ ನಿಧಾನದ ತೋಟಾ ಈ ಎರಡನೆಯದನ್ನು ಮಾತ್ರ ಇಲ್ಲವಾಗಿಸುತ್ತದೆ. ಉದ್ದ ನಳಿಗೆಯ ಮ್ಯಾಚ್ ರೈಫಲ್‌ನಲ್ಲಿ ಅಷ್ಟಿಷ್ಟು ಮದ್ದು ಒಳಗೇ ಉರಿದು ಮುಗಿಯುವುದರಿಂದ ಮೊದಲನೆಯದೂ ತಗ್ಗುತ್ತದೆ. ಆದರೂ .22ರ ಈಡು 140 ಡೆಸಿಬೆಲ್ ಆಸುಪಾಸಿನದು, ಕಿವಿ ಮುಚ್ಚದೆ ಹೊಡೆಯಬೇಡಿ. ಸದ್ದಾಗದ ತೋಟಾ ಎಂಬುದೊಂದಿಲ್ಲ.

3. ಡಬ್ಬಿಯ ಮೇಲಿನ ವೇಗ ಓದಿ, ಅಂದಿನ ಸೆಕೆಯನ್ನೂ ನೋಡಿ

ಹೊಸಬರು ಎಡವುವುದು ಇಲ್ಲೇ. ಶಬ್ದದ ವೇಗ ವರ್ಷವಿಡೀ ಒಂದೇ ಇರುವುದಿಲ್ಲ. ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಅಲ್ಲಿಂದ ಒಂದೊಂದು ಡಿಗ್ರಿಗೂ 0.6 ಮೀಟರ್ ಕೂಡಿಸುತ್ತಾ ಹೋಗಿ. ದೆಹಲಿಯ ಜನವರಿ ಬೆಳಗಿನ 5 ಡಿಗ್ರಿಯಲ್ಲಿ 334 ಬರುತ್ತದೆ, ಮೇ ತಿಂಗಳ 45 ಡಿಗ್ರಿಯಲ್ಲಿ 358. ಸಮಶೀತೋಷ್ಣದ ಬೆಂಗಳೂರಿನಲ್ಲಿ ಈ ಲೆಕ್ಕ ಯಾರೂ ಹಾಕಲಿಕ್ಕಿಲ್ಲ, ಇಲ್ಲಿ ಹಾಕಲೇಬೇಕು.

ಇನ್ನು ಡಬ್ಬಿ. ಮಾಮೂಲಿ .22ರ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. 'ಸ್ಟ್ಯಾಂಡರ್ಡ್' ಎಂದಿದ್ದರೆ ವೇಗ ಸೆಕೆಂಡಿಗೆ 1,070ರಿಂದ 1,085 ಅಡಿ, ಮೀಟರಿನಲ್ಲಿ 326ರಿಂದ 331. 'ಹೈ ವೆಲಾಸಿಟಿ' ಎಂದಿದ್ದರೆ 1,200 ಅಡಿ ದಾಟಿರುತ್ತದೆ. 1,085ರ ತೋಟಾ ಮೇ ತಿಂಗಳಲ್ಲಿ ಶಬ್ದದ ವೇಗಕ್ಕಿಂತ ಬಹಳ ಕೆಳಗಿರುತ್ತದೆ. ಜನವರಿಯ ಮಂಜಿನಲ್ಲಿ ಅಂತರ ಬರೀ ಮೂರು ಮೀಟರ್. ಚಳಿಗೆ ಮದ್ದು ಕೊಂಚ ಮಂದವಾಗಿ ಉರಿಯುವುದು ನಿಜ. ಹಾಗಿದ್ದರೂ ಒಂದೇ ಡಬ್ಬಿಯ ತೋಟಾಗಳಲ್ಲೂ ವೇಗ ಅತ್ತಿತ್ತ ಆಗುವುದರಿಂದ ನಡುನಡುವೆ ಒಂದೆರಡು ಗೆರೆ ದಾಟಿ 'ಛಟ್' ಅನ್ನಬಹುದು. ಚಳಿಗಾಲಕ್ಕೆ 1,050 ಅಡಿಯ ಆಸುಪಾಸಿನದನ್ನೂ ಒಂದು ಡಬ್ಬಿ ತಂದು ಹೋಲಿಸಿ ನೋಡಿ.

ಸದ್ದಿಗಿಂತ ದೊಡ್ಡ ಕಾರಣ ಗುರಿ. ಶಬ್ದದ ವೇಗದ ಮೇಲಿಂದ ಕೆಳಗಿಳಿಯುವಾಗ ಗುಂಡು ಓಲಾಡುತ್ತದೆ. ಹೈ ವೆಲಾಸಿಟಿ ಗುಂಡು 50 ಮೀಟರ್ ತಲುಪುವ ಹೊತ್ತಿಗೆ ಆ ಗಡಿಯ ಹತ್ತಿರವೇ ಇರುತ್ತದೆ. ಸ್ಟ್ಯಾಂಡರ್ಡಿಗೆ ಈ ಫಜೀತಿ ಕಡಿಮೆ, ಶುರುವಿನಿಂದಲೂ ಅದು ಬಹುಪಾಲು ಗಡಿಯ ಕೆಳಗೇ. ಮ್ಯಾಚ್ ತೋಟಾಗಳೆಲ್ಲ ನಿಧಾನದವು ಏಕೆಂಬುದಕ್ಕೆ ಉತ್ತರ ಇದು.

ಹಾಗೆಂದು ತೀರಾ ನಿಧಾನದ್ದಕ್ಕೂ ಹೋಗಬೇಡಿ. 710 ಅಡಿ ವೇಗದ, ಪಿಸುಗುಟ್ಟುವಂಥ ತೋಟಾಗಳೂ ಇವೆ. 50 ಮೀಟರಿನಲ್ಲಿ ಸ್ಟ್ಯಾಂಡರ್ಡ್ ಗುಂಡು ನಳಿಗೆಯ ನೇರದಿಂದ ಸುಮಾರು 12 ಸೆಂಟಿಮೀಟರ್ ಕೆಳಗಿಳಿದರೆ ಇದು 28 ಇಳಿಯುತ್ತದೆ.

4. ಮೂತಿ ನೋಡಿ

ತುದಿಯಲ್ಲಿ ಗುಳಿಯಿರುವ ಹಾಲೋ ಪಾಯಿಂಟ್ ಬೇಟೆಗೆಂದು ಮಾಡಿದ್ದು. ಕಾಗದಕ್ಕೆ ದುಂಡುಮೂತಿಯದೇ ಸಾಕು.

5. ಹೊಡೆದು ನೋಡಿಯೇ ಆರಿಸಿ

ಹೆಸರು ಕೇಳಿ ಇಡೀ ಪೆಟ್ಟಿಗೆ ಕೊಳ್ಳಬೇಡಿ. ಎಲಿ, ಲಾಪುವಾ, ಎಸ್‌ಕೆ ಎಲ್ಲ ಒಳ್ಳೆಯವೇ. ಆದರೆ ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಎಂಬುದನ್ನು ಅದೇ ಹೇಳಬೇಕು. ಮೂರು ಬಗೆಯದನ್ನು ಒಂದೊಂದು ಡಬ್ಬಿ ತನ್ನಿ, ಲಾಟ್ ನಂಬರ್ ಬರೆದಿಡಿ. ಬಗೆ ಬದಲಿಸಿದಾಗ ಗುಂಡಿನ ಮೇಣ ಬೇರೆಯಾಗುವುದರಿಂದ ಮೊದಲ ಹತ್ತು ಹದಿನೈದು ಈಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ರೈಫಲನ್ನು ಆಸರೆಯ ಮೇಲಿಟ್ಟು ಐದೈದು ಈಡಿನ ನಾಲ್ಕು ಗುಂಪು ಹೊಡೆಯಿರಿ. 50 ಮೀಟರ್ ರೈಫಲ್ ಗುರಿಯ ಹತ್ತರ ವೃತ್ತ ಬರೀ 10.4 ಮಿಲಿಮೀಟರ್ ಅಗಲ. ಅಂದದ ಒಂದು ಗುಂಪು ನೋಡಿ ಮರುಳಾಗಬೇಡಿ, ನಾಲ್ಕರಲ್ಲಿ ಕೆಟ್ಟದ್ದು ಯಾವುದೋ ಅದನ್ನು ಹೋಲಿಸಿ. ನಮ್ಮ ಹುಡುಗ ಮೊದಲನೆಯದನ್ನೇ ಫೋಟೋ ತೆಗೆದು ಅಮ್ಮನಿಗೆ ಕಳಿಸಿಬಿಟ್ಟ. ಎರಡನೆಯದು ಕಾಗದದ ತುಂಬ ಚೆಲ್ಲಿತ್ತು.

6. ಸಪ್ಪೆ ಸದ್ದು ಕೇಳಿದರೆ ನಿಲ್ಲಿಸಿ

ಇದನ್ನು ಬೇಕೆಂದೇ ಒತ್ತಿ ಹೇಳುತ್ತೇನೆ. ಮೆಲ್ಲನೆಯ ತೋಟಾ ಹೊಡೆಯುವಾಗ, ಮದ್ದು ಸರಿಯಾಗಿ ಉರಿಯದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ ಗೊತ್ತಾಗದೆ ಹೋಗಬಹುದು. ಸದ್ದು ಎಂದಿಗಿಂತ ಸಪ್ಪೆಯಾಗಿದ್ದು ಕಾಗದದಲ್ಲಿ ತೂತು ಕಾಣದಿದ್ದರೆ ಇನ್ನೊಂದು ಈಡು ಖಂಡಿತ ಬೇಡ. ಕೋಚ್‌ರನ್ನು ಕರೆದು ನಳಿಗೆ ಪರೀಕ್ಷೆ ಮಾಡಿಸಿ. ಕುದುರೆ ಎಳೆದರೂ ತೋಟಾ ಸಿಡಿಯದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ಬೋಲ್ಟ್ ತೆಗೆಯಿರಿ. .22ರಲ್ಲಿ ಕಿಡಿಯ ಮದ್ದು ಇರುವುದು ಅಂಚಿನ ಒಳಗೆ; ಎಲ್ಲೋ ಒಂದೊಂದರಲ್ಲಿ ಅದು ಸರಿಯಾಗಿ ಹರಡಿರುವುದಿಲ್ಲ.

7. ಹೊರಡುವ ಮುಂಚೆ

ಸೀಸದ ಗುಂಡು ಮುಟ್ಟಿದ ಕೈ ತೊಳೆದುಕೊಂಡು ಆಮೇಲೆ ಸಮೋಸಾಕ್ಕೆ ಕೈ ಹಾಕಿ. ಇಲ್ಲಿನವರು 'ಖೋಖಾ' ಅನ್ನುವ ಖಾಲಿ ಚಿಪ್ಪುಗಳನ್ನು ಎಣಿಸಿ, ಉಳಿದ ತೋಟಾಗಳನ್ನು ಲೆಕ್ಕಕ್ಕೆ ತಾಳೆ ಹಾಕಿ. ಕೊನೆಗೆ ಪ್ಯಾಂಟು, ಜಾಕೆಟ್ಟು, ಲ್ಯಾಪ್‌ಟಾಪ್ ಚೀಲ, ಎಲ್ಲದರ ಜೇಬೂ ಹೊರಮಗುಚಿ ನೋಡಿ. ಮೆಟ್ರೋ ತಪಾಸಣೆಯ ಯಂತ್ರದಲ್ಲಿ ಮರೆತುಳಿದ ಒಂದೇ ಒಂದು ತೋಟಾ ಕಂಡರೂ ಭಾನುವಾರ ಠಾಣೆಯಲ್ಲೇ ಕಳೆಯುತ್ತದೆ. ಅಂದು ನಮ್ಮ ಹುಡುಗನ ಜೇಬಿನಲ್ಲಿ ಸಿಕ್ಕಿದ್ದು ಎರಡು ಖೋಖಾ, ಅಜ್ಜನಿಗೆ ತೋರಿಸಲಿಕ್ಕಂತೆ. ಅವನ್ನೂ ಅಲ್ಲೇ ಡಬ್ಬಕ್ಕೆ ಹಾಕಿಸಿ ಕರೆತಂದೆ.