ಗಂಟಲಿನಲ್ಲಿ ನಿಲ್ಲುವ ಕಫ

ನೆಗಡಿಯು ವಾಸಿಯಾದ ಬಳಿಕವೂ ಗಂಟಲಿನಲ್ಲಿ ಏನೋ ಅಂಟಿಕೊಂಡಿರುವಂತೆ ತೋರಿ, ಗಳಿಗೆಗೊಮ್ಮೆ ಕ್ಯಾಕರಿಸುವವರು ನಮ್ಮ ಮನೆಗಳಲ್ಲಿ ಅನೇಕರಿದ್ದಾರೆ. ಪಾಠ ಹೇಳುವ ಉಪಾಧ್ಯಾಯಿನಿಯರಿಗೂ ಹಾಡುವವರಿಗೂ ಈ ಬಾಧೆಯು ದೊಡ್ಡ ತೊಡಕು. ಕೆಲವರು ಇದನ್ನು ಅಲ್ಪವೆಂದೆಣಿಸಿ ವರ್ಷಗಟ್ಟಲೆ ಸಹಿಸುತ್ತಾರೆ. ಕೆಲವರು ಭಯಂಕರ ವ್ಯಾಧಿಯೆಂದು ನಡುಗುತ್ತಾರೆ. ಎರಡೂ ಯುಕ್ತವಲ್ಲ. ಕಾರಣವನ್ನರಿತು ನಡೆಯುವುದೇ ವಿವೇಕ.

ಶ್ಲೇಷ್ಮವು ದೇಹದ ಕಾವಲುಗಾರನೆಂಬುದು ಮೊದಲು ತಿಳಿಯತಕ್ಕ ಸಂಗತಿ. ಮೂಗು ಗಂಟಲುಗಳ ಒಳಪೊರೆಯು ದಿನವೊಂದಕ್ಕೆ ಸುಮಾರು 1 ಲೀಟರಿನಷ್ಟು ಶ್ಲೇಷ್ಮವನ್ನು ಸುರಿಸುತ್ತದೆಂದು ಅಂದಾಜು. ಉಸಿರಿನೊಡನೆ ಬಂದ ಧೂಳೂ ರೋಗಾಣುಗಳೂ ಅದರಲ್ಲಿ ಸಿಕ್ಕಿಬೀಳುವುವು. ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು ಅದನ್ನು ಗಂಟಲಿಗೆ ಸಾಗಿಸುವುವು. ನಾವು ಅರಿಯದೆಯೇ ನುಂಗುವೆವು. ಅದು ದಪ್ಪಗಾದಾಗ, ಇಲ್ಲವೆ ಗಂಟಲು ಕೆರಳಿದಾಗ ಮಾತ್ರ ಅದರ ಇರವು ತಿಳಿಯುವುದು.

ಹೀಗಾಗುವುದಕ್ಕೆ ಕಾರಣಗಳು ಹಲವು. ಧೂಳು, ಹೂವಿನ ಪರಾಗ ಮುಂತಾದವು ಒಗ್ಗದವರಿಗೆ ಮೂಗಿನ ಹಿಂಭಾಗದಿಂದ ಶ್ಲೇಷ್ಮವು ಗಂಟಲಿಗಿಳಿಯುವುದು. ಸೌದೆ ಒಲೆಯ ಹೊಗೆಯೂ ಬೀಡಿ ಸಿಗರೇಟುಗಳ ಹೊಗೆಯೂ ಒಳಪೊರೆಯನ್ನು ಕೆರಳಿಸುವುವು. ಜಠರದ ಆಮ್ಲವು ಗಂಟಲಿನವರೆಗೆ ಉಕ್ಕಿಬರುವುದು ಇನ್ನೊಂದು ಕಾರಣ. ಇಂಥವರಲ್ಲಿ ಕೆಲವರಿಗೆ ಎದೆಯುರಿಯಾಗಲಿ ಹುಳಿತೇಗಾಗಲಿ ಇರುವುದೇ ಇಲ್ಲ. ಪದೇ ಪದೇ ಕ್ಯಾಕರಿಸುವ ಅಭ್ಯಾಸವಂತೂ ಸ್ವತಃ ಒಂದು ಕಾರಣವಾಗುವುದು. ಪ್ರತಿಸಲವೂ ಧ್ವನಿತಂತುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಕೆರಳುವುವು, ಮತ್ತೆ ಕ್ಯಾಕರಿಸಬೇಕೆನಿಸುವುದು.

ಆದಕಾರಣ ಕ್ಯಾಕರಿಸಬೇಕೆನಿಸಿದಾಗ ಒಂದು ಗುಟುಕು ನೀರು ಕುಡಿಯಿರಿ, ಅಥವಾ ಸುಮ್ಮನೆ ಉಗುಳು ನುಂಗಿರಿ. ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಬಾಯಿ ಮುಕ್ಕಳಿಸಿದರೆ ಹಿತವಾಗುವುದು. ಉಪ್ಪುನೀರಿನಿಂದ ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸತಕ್ಕದ್ದು. ಆಮ್ಲದ ಬಾಧೆಯುಳ್ಳವರು ಮಲಗುವುದಕ್ಕೆ 3 ಗಂಟೆ ಮೊದಲೇ ಊಟ ಮುಗಿಸಿ, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯಿಟ್ಟು ಎತ್ತರಿಸಬೇಕು. ಅಡಿಗೆಮನೆಯ ಹೊಗೆ ಹೊರಹೋಗಲು ದಾರಿಯಿರಲಿ. ಹಾಲಿನಿಂದ ಕಫ ಹೆಚ್ಚುವುದೆಂದು ಮಕ್ಕಳಿಗೆ ಹಾಲನ್ನೇ ನಿಲ್ಲಿಸುವ ತಾಯಂದಿರುಂಟು. ಹಾಲು ಉಗುಳಿನೊಡನೆ ಬೆರೆತು ಗಂಟಲು ಅಂಟಾದಂತೆ ತೋರುವುದೇ ಹೊರತು, ಅದರಿಂದ ಕಫ ಹೆಚ್ಚುವುದೆಂಬುದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ.

ಇನ್ನು ಮುಖ್ಯವಾದ ಮಾತು. ಕಫದೊಡನೆ ಕೆಮ್ಮು 2 ವಾರಗಳಿಗಿಂತ ಹೆಚ್ಚು ಕಾಲ ನಿಂತರೆ, ಕಫದಲ್ಲಿ ರಕ್ತ ಕಂಡರೆ, ಸಂಜೆಯ ಜ್ವರ, ರಾತ್ರಿಯ ಬೆವರು, ಮೈಯಿಳಿತಗಳಿದ್ದರೆ ಮನೆಮದ್ದನ್ನು ನೆಚ್ಚಿ ಕೂಡಬಾರದು. ನುಂಗಲು ಕಷ್ಟವಾದರೂ, ಧ್ವನಿಯು 3 ವಾರಗಳ ಮೇಲೆ ಒಡೆದಿದ್ದರೂ ವೈದ್ಯರಿಗೆ ತೋರಿಸಬೇಕು. ಹೆಣ್ಣುಮಗಳ ಕೆಮ್ಮು ಹೊರಗೆ ತಿಳಿದರೆ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ಮನೆಗಳು ಇಂದಿಗೂ ಇವೆ. ಹೀಗೆ ಮುಚ್ಚಿಟ್ಟ ಕೆಮ್ಮು ಕ್ಷಯದ್ದಾದರೆ ಆಕೆಗೂ ಅಪಾಯ, ಮನೆಯ ಮಕ್ಕಳಿಗೂ ಅಪಾಯ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಎಂಬ ಪಂಡಿತನು 1882ರಲ್ಲಿ ಲೋಕಕ್ಕೆ ಪ್ರಕಟಿಸಿದನು. ಇಂದು ಸಾಮಾನ್ಯ ಕ್ಷಯವು ಸುಮಾರು 6 ತಿಂಗಳು ತಪ್ಪದೆ ಔಷಧ ಸೇವಿಸಿದರೆ ಗುಣವಾಗುವುದು. ಸರಕಾರಿ ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆಯೂ ಔಷಧವೂ ಉಚಿತವಾಗಿ ದೊರೆಯುತ್ತವೆ.

ರೋಗವು ನಾಚಿಕೆಯ ವಿಷಯವಲ್ಲ. ಮನೆಯಲ್ಲಿ ಯಾರ ಕೆಮ್ಮು ಎಷ್ಟು ದಿನದಿಂದ ಇದೆಯೆಂದು ಎಣಿಸಿ, ಕಾಲ ಮೀರುವ ಮೊದಲೇ ಆಸ್ಪತ್ರೆಗೆ ಕರೆದೊಯ್ಯುವುದು ವಿದ್ಯಾವಂತಳಾದ ಮಗಳ, ತಾಯಿಯ ಕರ್ತವ್ಯವಾಗಿದೆ.