ತಲುಪಿತೆಂದು ಬರೆದ ಸರಕು ತಲುಪದಿದ್ದರೆ

ದೂರದ ಊರಿನಿಂದ ಸರಕನ್ನು ತರಿಸಿಕೊಳ್ಳುವುದು ನಮ್ಮ ಜನಕ್ಕೆ ಹೊಸತೇನೂ ಅಲ್ಲ. ಮೈಸೂರು, ಧಾರವಾಡ, ಬೆಂಗಳೂರುಗಳ ಪ್ರಕಾಶಕರಿಗೆ ಒಂದು ಕಾರ್ಡು ಬರೆದು, ವಿ. ಪಿ. ಪಿ. ಮೂಲಕ ಪುಸ್ತಕ ತರಿಸಿ ಓದಿದವರು ನಮ್ಮ ಹಿರಿಯರಲ್ಲಿ ಅನೇಕರಿದ್ದಾರೆ. ಆ ಪದ್ಧತಿಯಲ್ಲಿ ಅಂಚೆಯವನು ಹಣವನ್ನು ಎಣಿಸಿಕೊಂಡು ಕಟ್ಟನ್ನು ಕೈಗೆ ಕೊಡುತ್ತಿದ್ದನು. ಕಟ್ಟು ಬಾರದಿದ್ದರೆ ಹಣವೂ ಹೋಗುತ್ತಿರಲಿಲ್ಲ. ಸ್ವೀಕೃತಿ ಕಾರ್ಡನ್ನು ಲಗತ್ತಿಸಿದ ರಿಜಿಸ್ಟರ್ಡ್ ಅಂಚೆಯಾದರೆ, ಪಡೆದವರ ರುಜು ಕಳುಹಿಸಿದವರಿಗೆ ಹಿಂದಿರುಗಿ ಬರುತ್ತಿತ್ತು. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಒಟ್ಟಿನಲ್ಲಿ, "ತಲುಪಿತು" ಎಂಬ ಮಾತಿಗೆ ಪಡೆದವರೇ ಸಾಕ್ಷಿಯಾಗಿದ್ದರು.

ಇಂದು ಈ ಕ್ರಮ ತಲೆಕೆಳಗಾಗಿದೆ. ಆನ್‌ಲೈನ್ ಖರೀದಿಯಲ್ಲಿ ನಾವು ಹಣವನ್ನು ಬಹುಮಟ್ಟಿಗೆ ಮೊದಲೇ ಕೊಟ್ಟಿರುತ್ತೇವೆ. ಸರಕು ತರುವವನು ತನ್ನ ಫೋನಿನಲ್ಲಿ ಒಂದು ಗುಂಡಿಯನ್ನು ಒತ್ತಿದೊಡನೆ ನಮ್ಮ ಫೋನಿಗೆ "ಡೆಲಿವರ್ಡ್" ಎಂಬ ಸಂದೇಶ ಬಂದುಬಿಡುತ್ತದೆ. ಕೆಲವು ಸಲ ಸಂದೇಶ ಬರುತ್ತದೆ, ಸರಕು ಬರುವುದಿಲ್ಲ. ಆಗ ಕೊಂಡವನ ಗತಿಯೇನು? ಕಂಪನಿಯ ದಾಖಲೆಯೇ ಕೊನೆಯ ಮಾತೇ? ಈ ಪ್ರಶ್ನೆಯನ್ನು ಕಾಯಿದೆಯ ಬೆಳಕಿನಲ್ಲಿ ಪರಿಶೀಲಿಸಿ, ಸಹಪಾಠಿಗಳಿಗೆ ಉಪಯುಕ್ತವಾಗುವ ಕೆಲವು ಸಂಗತಿಗಳನ್ನು ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ದಾಖಲೆ ಹುಟ್ಟುವ ಬಗೆಯನ್ನು ನೋಡೋಣ. ಮಾರುವವನ ಗೋದಾಮಿನಿಂದ ಹೊರಟ ಕಟ್ಟಿನ ಮೇಲೆ ಗೆರೆಗಳ ಒಂದು ಗುರುತು ಅಂಟಿಸಿರುತ್ತದೆ. ಅದು ಹಾದುಹೋಗುವ ಒಂದೊಂದು ಠಾಣೆಯಲ್ಲಿಯೂ ಆ ಗುರುತನ್ನು ಯಂತ್ರವು ಓದುತ್ತದೆ. ಆದುದರಿಂದ ಕಟ್ಟು ನಮ್ಮ ಊರಿನ ಡೆಲಿವರಿ ಕೇಂದ್ರಕ್ಕೆ ಬರುವವರೆಗಿನ ದಾಖಲೆಯನ್ನು ಬಹುಮಟ್ಟಿಗೆ ನಂಬಬಹುದು. ಕೊನೆಯ ಮೈಲಿಯ ಮಾತು ಬೇರೆ. ಅಲ್ಲಿ ಕಟ್ಟು ಒಬ್ಬನ ಚೀಲದಲ್ಲಿರುತ್ತದೆ. ಅದು ಎಲ್ಲಿ ಇಳಿಯಿತೆಂಬುದನ್ನು ಅವನೇ ಬರೆಯಬೇಕು. ಒಮ್ಮೊಮ್ಮೆ ಅವನು ದಿನದ ಲೆಕ್ಕ ಮುಗಿಸಲು, ನಾಳೆ ಕೊಟ್ಟರಾಯಿತೆಂದು ಇಂದೇ ಗುಂಡಿಯನ್ನು ಒತ್ತಿರಬಹುದು. ಒಮ್ಮೊಮ್ಮೆ ಪಕ್ಕದ ಬೀದಿಯ ಅದೇ ನಂಬರಿನ ಮನೆಗೆ ಕೊಟ್ಟಿರಬಹುದು. ಹಳ್ಳಿಯಾದರೆ ಬಸ್ ನಿಲ್ದಾಣದ ಅಂಗಡಿಯಲ್ಲಿಟ್ಟು ಹೋಗಿರಬಹುದು. ಬಾಗಿಲ ಬಳಿ ಇಟ್ಟದ್ದನ್ನು ಬೇರೆ ಯಾರೋ ಒಯ್ದಿರಬಹುದು. ಅಪರೂಪವಾಗಿ ವಂಚನೆಯೂ ನಡೆದಿರಬಹುದು. ಕಾರಣ ಯಾವುದೇ ಇರಲಿ, ಫೋನಿನಲ್ಲಿ ಕಾಣುವುದು ಒಂದೇ ಪದ. ಆ ಪದವು ಕಾರಣವನ್ನು ಹೇಳುವುದಿಲ್ಲ. ಗುಂಡಿಯನ್ನು ಒತ್ತಲಾಯಿತೆಂಬುದನ್ನು ಮಾತ್ರ ಹೇಳುತ್ತದೆ.

ಕಾಯಿದೆಯು ಈ ವಿಷಯದಲ್ಲಿ ಏನೆನ್ನುತ್ತದೆ? ನಮ್ಮ ದೇಶದಲ್ಲಿ ೧೯೩೦ರ ಸರಕು ಮಾರಾಟ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅದರ ೨ನೆಯ ಪ್ರಕರಣವು ಡೆಲಿವರಿ ಎಂದರೆ ಒಬ್ಬರಿಂದ ಮತ್ತೊಬ್ಬರಿಗೆ ಸ್ವ-ಇಚ್ಛೆಯಿಂದ ಸ್ವಾಧೀನವನ್ನು ವರ್ಗಾಯಿಸುವುದು ಎಂಬ ಅರ್ಥವನ್ನು ಕೊಡುತ್ತದೆ. ೩೩ನೆಯ ಪ್ರಕರಣದಂತೆ, ಉಭಯತರೂ ಡೆಲಿವರಿ ಎಂದು ಒಪ್ಪಿಕೊಂಡ ಕಾರ್ಯದಿಂದಾಗಲಿ, ಸರಕನ್ನು ಕೊಂಡವನ ಅಥವಾ ಅವನ ಪರವಾಗಿ ಇಟ್ಟುಕೊಳ್ಳಲು ಅಧಿಕಾರ ಪಡೆದವನ ಸ್ವಾಧೀನಕ್ಕೆ ತರುವ ಕಾರ್ಯದಿಂದಾಗಲಿ ಡೆಲಿವರಿ ಆಗುತ್ತದೆ. "ಅಧಿಕಾರ ಪಡೆದವನು" ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ನಾವು ಹೇಳಿದ್ದರೆ ನಿಲ್ದಾಣದ ಅಂಗಡಿಯವನು ನಮ್ಮ ಪರವಾಗಿ ಪಡೆಯಬಹುದು. ನಾವು ಹೇಳದಿದ್ದರೆ ಅವನು ಮೂರನೆಯವನು. ಅವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಹೋದದ್ದು ನಮಗೆ ಕೊಟ್ಟಂತಾಗಲಾರದು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಅದೇ ಕಾಯಿದೆಯ ೩೯ನೆಯ ಪ್ರಕರಣದಲ್ಲಿ, ಸರಕನ್ನು ಕಳುಹಿಸಿಕೊಡಬೇಕಾದ ಮಾರಾಟದಲ್ಲಿ ಅದನ್ನು ಸಾಗಣೆದಾರನಿಗೆ ಒಪ್ಪಿಸಿದರೆ, ಮೇಲ್ನೋಟಕ್ಕೆ ಅದು ಕೊಂಡವನಿಗೆ ಒಪ್ಪಿಸಿದಂತೆಯೇ ಎಂದಿದೆ. ಹಾಗಾದರೆ ಕೊರಿಯರಿನವನ ಕೈಗೆ ಕೊಟ್ಟಲ್ಲಿಗೇ ಮಾರಿದವನ ಹೊಣೆ ತೀರಿತೇ? ತೀರಲಿಲ್ಲವೆಂದು ನನ್ನ ಅಭಿಪ್ರಾಯ. "ಮೇಲ್ನೋಟಕ್ಕೆ" ಎಂದರೆ ಬೇರೆ ಸಂಗತಿಗಳಿಂದ ಅಲ್ಲಗಳೆಯಬಹುದಾದದ್ದು ಎಂದು ಅರ್ಥ. ಇಂದಿನ ಆನ್‌ಲೈನ್ ಮಾರಾಟದಲ್ಲಿ ಮನೆಯ ಬಾಗಿಲಿಗೆ ತಂದುಕೊಡುತ್ತೇವೆಂಬುದೇ ಕಂಪನಿಯು ಕೊಡುವ ವಚನ. ಸಾಗಿಸುವವನನ್ನು ಗೊತ್ತುಮಾಡುವವರು ಅವರೇ. ನಾವು ಅವನ ಹೆಸರನ್ನೂ ಕೇಳಿರುವುದಿಲ್ಲ. ಬಾಗಿಲಿನವರೆಗೆ ಎಂದು ಮಾತುಕೊಟ್ಟವನು ಅರ್ಧದಾರಿಯಲ್ಲಿ ಕೈತೊಳೆದುಕೊಳ್ಳುವಂತಿಲ್ಲ.

ಎರಡನೆಯ ಪ್ರಶ್ನೆ ರುಜುವಾತಿನದು. "ನನಗೆ ಬಂದಿಲ್ಲ" ಎಂಬುದನ್ನು ಯಾರಾದರೂ ಹೇಗೆ ರುಜುವಾತು ಮಾಡಬಲ್ಲರು? ಬಂದ ವಸ್ತುವನ್ನು ತೋರಿಸಬಹುದು, ಬಾರದ ವಸ್ತುವನ್ನು ತೋರಿಸಲಾಗದು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು, ೧೮೭೨ರ ಹಳೆಯ ಸಾಕ್ಷ್ಯ ಕಾಯಿದೆಯಂತೆಯೇ, ಒಂದು ಸಂಗತಿಯು ಯಾರೊಬ್ಬರ ವಿಶೇಷ ತಿಳಿವಿಗೆ ಸೇರಿದ್ದರೆ ಅದನ್ನು ರುಜುವಾತು ಮಾಡುವ ಹೊಣೆ ಅವರದೇ ಎಂಬ ತತ್ತ್ವವನ್ನು ಇಟ್ಟುಕೊಂಡಿದೆ. ಕಟ್ಟನ್ನು ಯಾರ ಕೈಗೆ, ಯಾವ ಸ್ಥಳದಲ್ಲಿ, ಎಷ್ಟು ಹೊತ್ತಿಗೆ ಕೊಡಲಾಯಿತೆಂಬುದು ಕೊಟ್ಟವರ ತಿಳಿವಿಗೆ ಸೇರಿದ್ದು. ರುಜುವಿನ ಗುರುತು, ತೆಗೆದ ಫೋಟೋ, ಗುಂಡಿಯನ್ನು ಒತ್ತಿದ ಸ್ಥಳದ ದಾಖಲೆ, ಒಟಿಪಿ ಪಡೆದ ವಿವರ—ಇವೆಲ್ಲ ಇದ್ದರೆ ಅವರ ಬಳಿಯೇ ಇರುತ್ತವೆ. ಆದುದರಿಂದ "ನಮ್ಮ ದಾಖಲೆಯಲ್ಲಿ ತಲುಪಿದೆ ಎಂದಿದೆ" ಎಂಬ ಉತ್ತರವು ಉತ್ತರವೇ ಅಲ್ಲ. ಅದು ಅವರು ರುಜುವಾತು ಮಾಡಬೇಕಾದ ಮಾತು.

ಇನ್ನು ಗ್ರಾಹಕರ ಸಂರಕ್ಷಣೆಗೆಂದೇ ಇರುವ ಕಾಯಿದೆಗೆ ಬರೋಣ. ೧೯೮೬ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ ೨೦೧೯ರ ಕಾಯಿದೆಯು ೨೦೨೦ರ ಜುಲೈನಲ್ಲಿ ಜಾರಿಗೆ ಬಂದಿತು. ಆನ್‌ಲೈನಿನಲ್ಲಿ ಕೊಂಡವನೂ ಗ್ರಾಹಕನೇ ಎಂದು ಅದು ಸ್ಪಷ್ಟವಾಗಿ ಹೇಳಿದೆ. ಅದೇ ತಿಂಗಳು ಹೊರಟ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂಥ ಪ್ರತಿಯೊಂದು ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕದ ವಿವರಗಳನ್ನು ಪ್ರಕಟಿಸಬೇಕು. ದೂರು ಬಂದ ೪೮ ಗಂಟೆಗಳೊಳಗೆ ಅದು ತಲುಪಿತೆಂದು ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು. ಅನೇಕ ಮಾರಾಟಗಾರರಿಗೆ ಜಾಗ ಒದಗಿಸುವ ಕಂಪನಿಯು ಪ್ರತಿಯೊಂದು ದೂರಿಗೂ ಒಂದು ಸಂಖ್ಯೆಯನ್ನು ಕೊಡಬೇಕು. ಮಾರಿದವರ ವಿವರಗಳನ್ನೂ ಒದಗಿಸಬೇಕು. ಸಹಾಯವಾಣಿಗೆ ಫೋನು ಮಾಡಿ ಹತ್ತು ಸಲ ಅದೇ ಕಥೆಯನ್ನು ಹೇಳುವುದಕ್ಕಿಂತ ಈ ಅಧಿಕಾರಿಗೆ ಒಂದು ಸಲ ಬರೆಯುವುದು ಲೇಸು.

ಇದು ಬರಿಯ ಪುಸ್ತಕದ ಮಾತಲ್ಲವೆಂಬುದಕ್ಕೆ ನನ್ನದೇ ಒಂದು ನಿದರ್ಶನವನ್ನು ಕೊಡುತ್ತೇನೆ. ಕಳೆದ ವರ್ಷ ಪರೀಕ್ಷೆಗೆ ಬೇಕಾದ ಅರ್ಥಶಾಸ್ತ್ರದ ಎರಡು ಪುಸ್ತಕಗಳಿಗೆ ೭೮೦ ರೂಪಾಯಿ ಕೊಟ್ಟು, ವಿದ್ಯಾರ್ಥಿನಿಲಯದ ವಿಳಾಸಕ್ಕೆ ತರಿಸಿದೆನು. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣ ಅದು. ಒಂದು ಶನಿವಾರ ಸಂಜೆ ಪುಸ್ತಕ ತಲುಪಿತೆಂಬ ಸಂದೇಶ ಬಂದಿತು. ಬಾಗಿಲಲ್ಲಿ ವಿಚಾರಿಸಿದರೆ, ಕಾವಲಿನ ಅಣ್ಣನವರ ಪುಸ್ತಕದಲ್ಲಿ ಆ ದಿನ ನನ್ನ ಹೆಸರಿಗೆ ಯಾವ ಕಟ್ಟೂ ಬರೆದಿರಲಿಲ್ಲ. ಆ ರಾತ್ರಿಯೇ ಕಂಪನಿಗೆ ಬರೆದೆನು. "ತಲುಪಿದೆ, ದೂರನ್ನು ಮುಕ್ತಾಯ ಮಾಡಲಾಗಿದೆ" ಎಂಬ ಉತ್ತರ ಮಾರನೆಯ ದಿನ ಬಂದಿತು. ತಲುಪಿಸಿದ್ದಕ್ಕೆ ಪುರಾವೆಯನ್ನು ಕಳುಹಿಸಿರೆಂದು ಕೇಳಿದಾಗ ಒಂದು ಫೋಟೋ ಕಳುಹಿಸಿದರು. ಅದರಲ್ಲಿದ್ದುದು ಹಸಿರು ಬಣ್ಣದ ಮರದ ಬಾಗಿಲು. ನಮ್ಮ ವಿದ್ಯಾರ್ಥಿನಿಲಯಕ್ಕಿರುವುದು ಕಬ್ಬಿಣದ ಗೇಟು. ಆ ಫೋಟೋವನ್ನೂ ನಮ್ಮ ಗೇಟಿನ ಫೋಟೋವನ್ನೂ, ಕಾವಲಿನ ಪುಸ್ತಕದ ಆ ದಿನದ ಪುಟವನ್ನೂ ಸೇರಿಸಿ ಕುಂದುಕೊರತೆ ಅಧಿಕಾರಿಗೆ ಬರೆದೆನು. ಎರಡು ದಿನಗಳೊಳಗೆ ದೂರಿನ ಸಂಖ್ಯೆ ಬಂದಿತು. ಹನ್ನೊಂದನೆಯ ದಿನ ಹಣ ಹಿಂದಿರುಗಿತು. ಜಯವನ್ನು ತಂದುಕೊಟ್ಟದ್ದು ನನ್ನ ವಾದವಲ್ಲ, ಅವರೇ ಕಳುಹಿಸಿದ ಫೋಟೋ. ಪುರಾವೆಯನ್ನು ಕೇಳದಿದ್ದರೆ ಅದು ಹೊರಬೀಳುತ್ತಿರಲಿಲ್ಲ.

ಈ ಅನುಭವದಿಂದಲೂ ಕಾಯಿದೆಯಿಂದಲೂ ಅನುಸರಿಸಬೇಕಾದ ಕ್ರಮವನ್ನು ಹೀಗೆ ಹೇಳಬಹುದು. ಮೊದಲನೆಯದಾಗಿ, ಸಂದೇಶ ಬಂದ ದಿನವೇ ಮನೆಯವರನ್ನೂ ನೆರೆಹೊರೆಯವರನ್ನೂ ಹತ್ತಿರದ ಅಂಗಡಿಯವರನ್ನೂ ವಿಚಾರಿಸಬೇಕು. ಅನೇಕ ವೇಳೆ ಕಟ್ಟು ಅಲ್ಲಿಯೇ ಸಿಕ್ಕುತ್ತದೆ. ಎರಡನೆಯದಾಗಿ, ಆರ್ಡರಿನ ಸಂಖ್ಯೆ, ಹಣ ಕೊಟ್ಟ ದಾಖಲೆ, ಬರೆದ ವಿಳಾಸ, ಬಂದ ಸಂದೇಶ—ಇವುಗಳ ಚಿತ್ರವನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಮೂರನೆಯದಾಗಿ, ತಡಮಾಡದೆ ಕಂಪನಿಗೆ ಬರಹದಲ್ಲಿ ದೂರು ಕೊಟ್ಟು, ಪುರಾವೆಯನ್ನು ಕೇಳಬೇಕು. ಇಂಥ ದೂರಿಗೆ ಕೆಲವು ಕಂಪನಿಗಳು ಕೆಲವೇ ದಿನಗಳ ಗಡುವನ್ನು ಇಟ್ಟಿರುತ್ತವೆ. ನಾಲ್ಕನೆಯದಾಗಿ, ಕಾರ್ಡಿನಿಂದ ಹಣ ಕೊಟ್ಟಿದ್ದರೆ, ಸರಕು ಬಂದಿಲ್ಲವೆಂಬ ಕಾರಣದ ಮೇಲೆ ಹಣವನ್ನು ಹಿಂದಕ್ಕೆ ಪಡೆಯಲು ಬ್ಯಾಂಕಿಗೂ ತಕರಾರು ಸಲ್ಲಿಸಬಹುದು, ಅದಕ್ಕೂ ಗಡುವುಂಟು.

ಇಷ್ಟರಿಂದ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ ಇದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ತೀರ್ಪು ಕೊಡುವ ಅಧಿಕಾರವಿಲ್ಲ. ಕಂಪನಿಗೆ ದೂರನ್ನು ಮುಟ್ಟಿಸಿ ಉತ್ತರವನ್ನು ತರಿಸುತ್ತದೆ. ಕೊನೆಯ ಬಾಗಿಲು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಹಿಂದಿನ ಕಾಯಿದೆಯಲ್ಲಿ ಎದುರುಪಕ್ಷದವರಿರುವ ಊರಿನಲ್ಲಿಯೋ ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲಿಯೋ ದೂರು ಹೂಡಬೇಕಾಗಿತ್ತು. ಈಗ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಹೂಡಬಹುದು. ಕೊಟ್ಟ ಬೆಲೆ ೫ ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ೨೦೨೫ರ ಜನವರಿ ೧ರಂದು ಆರಂಭವಾದ ಇ-ಜಾಗೃತಿ ಎಂಬ ಸರಕಾರಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ಅನುಕೂಲವೂ ಉಂಟು. ದೂರಿನಲ್ಲಿ ಮಾರಿದವರನ್ನೂ ಜಾಗ ಒದಗಿಸಿದ ಕಂಪನಿಯನ್ನೂ ಸೇರಿಸುವುದು ಒಳ್ಳೆಯದು. ಇಲ್ಲವಾದರೆ ಒಬ್ಬರು ಮತ್ತೊಬ್ಬರ ಕಡೆಗೆ ಬೆರಳು ತೋರಿಸಿ ಕುಳಿತಾರು.

ಒಟಿಪಿಯ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಈ ಸಂಖ್ಯೆಯು ಹಳೆಯ ರುಜುವಿನ ಸ್ಥಾನದಲ್ಲಿ ಬಂದಿದೆ. ಕಟ್ಟು ಕೈಗೆ ಬರುವ ಮೊದಲು ಅದನ್ನು ಫೋನಿನಲ್ಲಿ ಹೇಳುವುದು, ಪಡೆಯದ ಹಣಕ್ಕೆ ರಸೀದಿ ಬರೆದುಕೊಟ್ಟಂತೆ. "ನಿಮ್ಮ ಪಾರ್ಸಲ್ ನಿಂತಿದೆ, ಸಂಖ್ಯೆ ಹೇಳಿ" ಎಂದು ಕೇಳುವ ವಂಚಕರೂ ಇದ್ದಾರೆ. ಅವರು ಕೇಳುವ ಸಂಖ್ಯೆ ಬ್ಯಾಂಕಿನದಾಗಿರಬಹುದು. ಹಾಗೆ ಹಣ ಹೋದರೆ ಕೂಡಲೇ ಸೈಬರ್ ಅಪರಾಧದ ಸಹಾಯವಾಣಿ ೧೯೩೦ಕ್ಕೆ ತಿಳಿಸಬೇಕು.

ಸರಕು ತರುವವನ ಪಕ್ಷವನ್ನೂ ಹೇಳದಿದ್ದರೆ ಲೇಖನವು ಏಕಪಕ್ಷೀಯವಾದೀತು. ಬಿಸಿಲು ಮಳೆಯೆನ್ನದೆ ಬೈಕಿನ ಮೇಲೆ ಹೊರೆ ಹೊತ್ತು ತಿರುಗುವ ಈ ಯುವಕರಲ್ಲಿ ನಮ್ಮಂಥ ಮನೆಗಳಿಂದ ಬಂದವರೇ ಬಹಳ. ನಮ್ಮ ಕಾಲೇಜಿನ ಕೆಲವರು ರಜೆಯಲ್ಲಿ ಈ ಕೆಲಸ ಮಾಡುತ್ತಾರೆ. ಎಷ್ಟೋ ಕಡೆ ಅವರಿಗೆ ಕೂಲಿ ಸಿಕ್ಕುವುದು ಕಟ್ಟಿನ ಲೆಕ್ಕದಲ್ಲಿ. ಸಂಜೆಯೊಳಗೆ ಚೀಲ ಬರಿದಾಗಬೇಕೆಂಬ ಒತ್ತಡದಲ್ಲಿ ಗುಂಡಿಯು ಅವಸರದಲ್ಲಿ ಒತ್ತಲ್ಪಡುವುದು ಆಶ್ಚರ್ಯವಲ್ಲ. ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕದಲ್ಲಿ ೨೦೨೫ರಲ್ಲಿ ಒಂದು ಕಾಯಿದೆಯೇ ಆಗಿರುವುದು ಸ್ವಾಗತಾರ್ಹ. ನಮ್ಮ ದೂರು ಕಂಪನಿಯ ಮೇಲಿರಬೇಕು. ವಿಚಾರಣೆಗೆ ಮೊದಲೇ ಆ ಹುಡುಗನನ್ನು ಕಳ್ಳನೆನ್ನುವ ಹಕ್ಕು ನಮಗಿಲ್ಲ. ಹಾಗೆಯೇ, ಬಂದ ಸರಕನ್ನು ಬಂದಿಲ್ಲವೆಂದು ಹೇಳಿ ಹಣ ಪಡೆಯುವ ಗ್ರಾಹಕನೂ ತಪ್ಪಿತಸ್ಥನೇ. ಅವನ ಸುಳ್ಳಿನ ದಂಡವನ್ನು ಆ ಹುಡುಗನೂ, ಮುಂದೆ ನಿಜ ಹೇಳಲು ಬರುವ ಮತ್ತೊಬ್ಬ ಗ್ರಾಹಕನೂ ತೆರಬೇಕಾಗುತ್ತದೆ.

ಏಳೆಂಟು ನೂರು ರೂಪಾಯಿಗೆ ಇಷ್ಟೆಲ್ಲ ಬರೆಯಬೇಕೇ ಎಂದು ಕೆಲವರು ಕೇಳಿಯಾರು. ಆ ಮೊತ್ತವು ಕಂಪನಿಗೆ ಸಣ್ಣದು. ಕೂಲಿಯ ಮನೆಯೊಂದಕ್ಕೆ ಅದು ಒಂದೆರಡು ದಿನಗಳ ದುಡಿಮೆ. ನಮ್ಮ ಮನೆಗಳಲ್ಲಿ ಇಂಗ್ಲಿಷಿನ ಸಂದೇಶವನ್ನು ಓದಬಲ್ಲವರು ಅನೇಕ ವೇಳೆ ನಾವು ಮಾತ್ರ. ಅದರಲ್ಲಿ "ತಲುಪಿದೆ" ಎಂದಿದೆಯೆಂದು ಓದಿ ಹೇಳಿದರೆ, ಹೋದದ್ದು ಹೋಯಿತೆಂದು ತಂದೆತಾಯಿಗಳು ಸುಮ್ಮನಾಗುತ್ತಾರೆ. ಅಚ್ಚಾದ ಅಕ್ಷರದ ಮೇಲೆ ಅವರಿಗೆ ಅಷ್ಟು ಗೌರವ. ಅಕ್ಷರ ಕಲಿತ ನಾವು ಆ ಸಂದೇಶವನ್ನು ಓದಿಹೇಳಿದರೆ ಸಾಲದು. ಅದನ್ನು ಬರೆದವರು ಯಾರು, ಅದಕ್ಕೆ ಪುರಾವೆ ಏನು ಎಂದು ಕೇಳಿ, ಅವರ ಪರವಾಗಿ ಒಂದು ಪತ್ರವನ್ನೂ ಬರೆಯಬೇಕು. ಮೇಲೆ ಹೇಳಿದ ಕಾಯಿದೆಗಳು ನಮಗೆ ಕೊಟ್ಟಿರುವುದು ಆ ಪ್ರಶ್ನೆಯನ್ನು ಕೇಳುವ ಹಕ್ಕನ್ನು.